ದಸರೆಗೆ ಕೊಟ್ಟ ಚಿಮಟ

ಹ್ಯೂಸ್ಟನ್
9 ಮಾರ್ಚ್ 2014

ಸುಚೇತಾ,

ಮೊದಲು ಎರಡು ತುತ್ತು ಉಣ್ಣು, ಆಮೇಲೆ ಇದನ್ನು ಓದು. ನೀನು ಫೋನ್ ಎತ್ತುತ್ತಿಲ್ಲವೆಂದು ಧಾರವಾಡದಿಂದ ನಿಮ್ಮವ್ವ ನನಗೆ ಫೋನ್ ಮಾಡಿ ಅತ್ತಳು. "ಅಕ್ಕಾ, ನೀ ಹತ್ತಿರ ಇದ್ದಿ, ನೀನರೆ ನೋಡು" ಅಂದಳು. ಹ್ಯೂಸ್ಟನ್‌ಗೂ ಆಸ್ಟಿನ್‌ಗೂ ಮೂರು ತಾಸಿನ ದಾರಿ, ಬರುವುದು ಕಷ್ಟವಲ್ಲ. ಆದರೆ ಎದುರಿಗೆ ಕೂತರೆ, ಫೋನ್ ಹಿಡಿದರೆ, ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಪೆನ್ನಾದರೆ ಅಷ್ಟಿಷ್ಟು ಕೇಳುತ್ತದೆ.

ನಿನ್ನ ಲಕೋಟೆ ಗುರುವಾರ ಬಂತು. ಒಳಗೆ ಒಂದಕ್ಷರದ ಪತ್ರವಿಲ್ಲ, ಆರು ಹಾಳೆಯ ಅಚ್ಚಾದ ಲೇಖನ ಮಾತ್ರ. ಡಿಕ್ಷನರಿ ಇಟ್ಟುಕೊಂಡು ಮೂರು ದಿನ ಓದಿದೆ. ಮೆಟ್ರಿಕ್ ಫೇಲಾದವಳು ಹೌದು, ಆದರೆ ಚಿಪ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಯಂತ್ರ ಬಿಚ್ಚಿ ಜೋಡಿಸಿದವಳು. ಸಿಲಿಕಾನ್ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೆಯ ಪುಟದ ಚಿತ್ರಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಅದು ನಿನ್ನ ಚಿತ್ರ. ಹೋದ ಯುಗಾದಿಗೆ ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, "ಮೌಶಿ ನೋಡ, ಒಂದೂ ಎಲಿ ಖಾಲಿ ಇಲ್ಲ!" ಎಂದು ಕುಣಿದೆಯಲ್ಲ, ಅದೇ ಚಿತ್ರ. ಎಡಗಡೆ ಕೆಳಗೆ ಮೆಟ್ಟಿಲಿನಂತೆ ಮುರಿದ ಗೆರೆ ಕೂಡ ಅಲ್ಲೇ ಇದೆ.

ಅವತ್ತು ನೀನು ನಮ್ಮ ಮನೆಯವರಿಗೆ, ನಿನ್ನ ಕಾಕಾ ಅವರಿಗೆ, ಹೇಳಿಕೊಟ್ಟದ್ದು ನನಗೆ ಬಾಯಿಪಾಠವಾಗಿದೆ. ಸಿಲಿಕಾನ್ ಚೂರನ್ನು ಗಾಳಿಯಿಲ್ಲದ ಡಬ್ಬಿಯಲ್ಲಿ ಬೆಳ್ಳಗಾಗುವಂತೆ ಕಾಯಿಸಿ ನಿಧಾನವಾಗಿ ಆರಿಸಿದರೆ, ಅದರ ಮೈಮೇಲೆ ತ್ರಿಕೋನ ತ್ರಿಕೋನವಾಗಿ ಎಲೆ ಹಾಸಿಕೊಳ್ಳುತ್ತದೆ. ಮೇಲಿಂದ ಇಂಡಿಯಮ್ ಲೋಹದ ಆವಿ ಬಿಟ್ಟರೆ ಪರಮಾಣುಗಳು ಆರಾರು ಗುಂಪಾಗಿ ಒಂದೊಂದು ಎಲೆಗೆ ಕೂಡುತ್ತವೆ. ಕರೆಯುವವರಿಲ್ಲ, ಕೂಡಿಸುವವರಿಲ್ಲ. "ನಮ್ಮ ಮಠದಾಗ ಪಂಕ್ತಿ ಹಿಂಗ ಕೂತಿದ್ರ ಎಷ್ಟ್ ಛಲೋ ಇತ್ತು" ಎಂದರು ಕಾಕಾ. ನಿನ್ನ ಲ್ಯಾಬಿನ ಜೊತೆಗಾರ ರಘು ನಕ್ಕು ನಕ್ಕು ಅಂಗಿಯ ಮೇಲೆ ಸಾರು ಚೆಲ್ಲಿಕೊಂಡ. ಗುಂಪು ಕೂಡುವುದು ಹಳೆಯ ಸುದ್ದಿ, ಬೇರೆಯವರು ಎಂದೋ ಕಂಡದ್ದು ಎಂದು ನೀನೇ ಹೇಳಿದ್ದೆ. ಇಷ್ಟು ಅಗಲಕ್ಕೆ ಒಂದು ಎಲೆಯೂ ಖಾಲಿ ಬಿಡದೆ ಪಂಕ್ತಿ ತುಂಬಿಸಿದ್ದು ನೀನು. ಅದೇ ನಿನ್ನ ಥೀಸಿಸ್.

ಈಗ ಆ ಚಿತ್ರದ ಮೇಲೆ ರಘುನಂದನನ ಹೆಸರು. ಜೊತೆಗೆ ಅವನು ಸೇರಿದ ಡಾಲಸ್ ಕಂಪನಿಯ ಇನ್ನಿಬ್ಬರದು. ನಿನ್ನ ಹೆಸರು ಎಲ್ಲೆಂದು ಹುಡುಕಿ ಹುಡುಕಿ, ಕೊನೆಯ ಪುಟದ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಸಿಕ್ಕಿತು. "ಉಪಯುಕ್ತ ಮಾತುಕತೆಗಾಗಿ" ನಿನಗೆ ಧನ್ಯವಾದವಂತೆ! ಮೂರು ವರ್ಷ ನೀನು ಪರಮಾಣುಗಳ ಚಿತ್ರ ತೆಗೆಯುವ ಆ ಯಂತ್ರದ ಮುಂದೆ ಬೆನ್ನು ಮುರಿದುಕೊಂಡದ್ದು ಮಾತುಕತೆ!

ಆ ಹುಡುಗನಿಗೆ ತಿಂಗಳಿಗೆರಡು ಸಲ ಉಣ್ಣಲು ಹಾಕಿದ್ದೇನೆ. ನಿನ್ನ ಸಲುವಾಗಿ ಅವನ ಜಾತಕ ತರಿಸೋಣವೆಂದು ಮೈಸೂರಿಗೆ, ಅವನ ಮನೆಯವರಿಗೆ, ಕಾಗದ ಬರೆಯಲು ಕೂತಿದ್ದೆ, ಆ ಕೈಗೆ ಬೆಂಕಿ ಹಾಕ. ಸುಚೇತಾ, ನಾನು ಕಿರುಚಾಡುವುದಿಲ್ಲ, ಅವನ ಮನೆಗೆ ಹೋಗುವುದಿಲ್ಲ. ಆದರೆ ಆ ಚಿತ್ರದಿಂದ ಅವನು ಒಂದು ದಿನವೂ ಸುಖಪಡಬಾರದು. ಅಷ್ಟು ನೋಡಿಯೇ ನಾನು ಕಣ್ಣು ಮುಚ್ಚುವುದು.

ನಿನ್ನ ಬೆನ್ನಿಗಿರುವ,
ಕೃಷ್ಣವೇಣಿ ಮೌಶಿ


ಫ್ಲೂಗರ್‌ವಿಲ್, ಆಸ್ಟಿನ್
23 ಮಾರ್ಚ್ 2014

ಮೌಶಿ,

ಉಂಡೆ. ಎರಡು ತುತ್ತಲ್ಲ, ನೀನು ಕಳಿಸಿದ ಮೆಂತ್ಯದ ಹಿಟ್ಟನ್ನು ಕಲಸಿ ಹೊಟ್ಟೆ ತುಂಬ ಉಂಡೆ.

ನೀನು ಏನೂ ಮಾಡಬೇಡ. ಮೊದಲೇ ಬರೆದುಬಿಡುತ್ತೇನೆ, ನೀನು ಏನಾದರೂ ಮಾಡುವವಳೆಂದು ನನಗೆ ಗೊತ್ತು. ದೂರು ಕೊಡಬಹುದು. ಆದರೆ ಸಾಕ್ಷಿ ಹೇಳಬೇಕಾದ ನಮ್ಮ ಪ್ರೊಫೆಸರ್‌ಗೆ ಪಾರ್ಶ್ವವಾಯು ಹೊಡೆದು ಈಗ ತಮ್ಮ ಹೆಂಡತಿಯ ಹೆಸರೂ ನೆನಪಿಲ್ಲ. ನಮ್ಮ ಲ್ಯಾಬ್ ಮುಚ್ಚಿತು. ಯಂತ್ರವನ್ನು ರಘುವಿನ ಕಂಪನಿಯೇ ಕೊಂಡು ಟ್ರಕ್ಕಿನಲ್ಲಿ ಡಾಲಸ್‌ಗೆ ಸಾಗಿಸಿತು. ನನಗೆ ಬೇರೆ ಲ್ಯಾಬಿನ ಮೂಲೆಯಲ್ಲಿ ಒಂದು ಮೇಜು ಕೊಟ್ಟಿದ್ದಾರೆ, ಥೀಸಿಸ್ ಬರೆದು ಮುಗಿಸಲು.

ನನ್ನ ಹತ್ತಿರ ಇನ್ನೂ ನಲವತ್ತು ಚಿತ್ರಗಳಿವೆ, ನನ್ನ ಲಾಗಿನ್‌ನಲ್ಲೇ ತೆಗೆದವು. ಅವುಗಳಿಂದ ದೊಡ್ಡ ಲೇಖನ ಬರೆಯುತ್ತೇನೆ. ಮೊದಲಿಗಳಾಗದಿದ್ದರೆ ಬೇಡ, ಎರಡನೆಯವಳಾದರೂ ಆಗುತ್ತೇನೆ.

ಒಂದು ತಮಾಷೆ ಹೇಳಲೇ? ಅವನ ಲೇಖನದಲ್ಲಿ ನಿನ್ನ ಚಿಮಟದ ಮಾತೇ ಇಲ್ಲ. ಸಿಲಿಕಾನ್‌ಗೆ ಉಕ್ಕು ಸೋಕಬಾರದು, ಸೋಕಿದರೆ ಉಕ್ಕಿನಲ್ಲಿರುವ ನಿಕಲ್ ಅಂಟಿ, ಕಾಯಿಸಿದಾಗ ಒಳಗಿಳಿದು, ಆರುವಾಗ ಮೇಲೆದ್ದು ಎಲೆಗಳನ್ನೆಲ್ಲ ಕಿತ್ತುಹಾಕುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಅಂಗಡಿಯ ಪಿಂಗಾಣಿ ಚಿಮಟ ನಮ್ಮ ಯಂತ್ರದ ಕಿರಿದಾದ ಸಂದಿಗೆ ಹೋಗುತ್ತಿರಲಿಲ್ಲ, ತುದಿ ಮುರಿಯುತ್ತಿತ್ತು. ನೀನು ಮೊಲಿಬ್ಡಿನಮ್ ಪಟ್ಟಿಯನ್ನು ಅರದಿಂದ ತಿಕ್ಕಿ ತಿಕ್ಕಿ ಮಾಡಿಕೊಟ್ಟ ಮೇಲೆಯೇ ನನಗೆ ಒಳ್ಳೆಯ ಚಿತ್ರ ಬಂದದ್ದು. ರಘು ಒಂದು ದಿನವೂ ಚೂರನ್ನು ಹಿಡಿದವನಲ್ಲ, ಅವನದೇನಿದ್ದರೂ ಕಂಪ್ಯೂಟರ್ ಪರದೆ. ಆ ಚಿಮಟ ಈಗ ನನ್ನ ಬ್ಯಾಗಿನಲ್ಲಿದೆ.

ಅವನು ನಾಲ್ಕು ಸಲ ಫೋನ್ ಮಾಡಿದ್ದ. ಎತ್ತಲಿಲ್ಲ. ಜಾತಕದ ಮಾತನ್ನು ಇನ್ನೆಂದೂ ಬರೆಯಬೇಡ.

ಸುಚೇತಾ


ಹ್ಯೂಸ್ಟನ್
5 ಅಕ್ಟೋಬರ್ 2014

ಸುಚೇತಾ,

ನಿನ್ನೆ ಶನಿವಾರ, ದಸರೆಯ ಮರುದಿನ, ಬಾಗಿಲು ತೆಗೆದರೆ ರಘು ನಿಂತಿದ್ದ. ಡಾಲಸ್‌ನಿಂದ ನಾಲ್ಕು ತಾಸು ಡ್ರೈವ್ ಮಾಡಿಕೊಂಡು ಬಂದಿದ್ದ. ಕೈಯಲ್ಲಿ ಮೆಸ್ಕೀಟ್ ಗಿಡದ ಎಲೆ.

ನಿನಗೆ ಗೊತ್ತಲ್ಲ, ಇಲ್ಲಿ ಬನ್ನಿ ಗಿಡವಿಲ್ಲ. ಟೆಕ್ಸಸ್‌ನ ಹೊಲದ ಬೇಲಿಗುಂಟ ಬೆಳೆಯುವ ಮೆಸ್ಕೀಟ್ ಬನ್ನಿಯದೇ ಕುಲದ್ದೆಂದು ನಾನೇ ಪುಸ್ತಕ ನೋಡಿ ಕಂಡುಹಿಡಿದು, ನಮ್ಮ ಧಾರವಾಡ ಮಂದಿಗೆಲ್ಲ ಅದನ್ನೇ ಹಂಚುವ ಪದ್ಧತಿ ಹಾಕಿದ್ದು. ಮೈಸೂರಿನ ಹುಡುಗನಿಗೆ ಇದನ್ನು ಕಲಿಸಿದವಳೂ ನಾನೇ. ಬನ್ನಿ ಹಿಡಿದು ಬಂದವನನ್ನು ಬಾಗಿಲಿನಿಂದ ಕಳಿಸಬಾರದು, ಹಳೆಯ ಜಗಳವನ್ನು ಹೊಸ್ತಿಲಿನಾಚೆ ಬಿಡಬೇಕು. ಅದು ಗೊತ್ತಿದ್ದೇ ಆ ದಿನವನ್ನು ಆರಿಸಿಕೊಂಡ.

"ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಮೌಶಿ" ಎಂದು ನಮ್ಮ ಮಾತಿನಲ್ಲೇ ಹೇಳಿ ಕಾಲಿಗೆರಗಿದ. ನಾನು ಎಲೆ ತೆಗೆದುಕೊಂಡೆ.

ಕಾಕಾ "ಬಾರಪಾ, ಕೂಡು, ಭಾಳ ಸೊರಗೀದಿ" ಎಂದರು. ಹೌದು, ಸೊರಗಿದ್ದಾನೆ. ಡಾಲಸ್ ಹತ್ತಿರದ ಪ್ರಾಸ್ಪರ್‌ನಲ್ಲಿ ಹೊಸ ಮನೆ ತೆಗೆದುಕೊಂಡಿದ್ದಾನಂತೆ, ಅದರಲ್ಲಿ ಒಬ್ಬನೇ.

"ಮೌಶಿ, ನಾನ್ ಮಾಡಿದ್ದು ತಪ್ಪು ಅಂತ ಗೊತ್ತು. ಕಂಪನಿಯೋರು ಹೊರಗಿನೋರ ಹೆಸ್ರು ಹಾಕೋಕೆ ಒಪ್ಲಿಲ್ಲ."

"ಅವ್ರು ಒಪ್ಪಲಿಲ್ಲ. ನೀ ಒಪ್ಪಿದಿ."

"ಮುಂದಿನ ಪೇಪರ್‌ನಲ್ಲಿ ಅವಳ ಹೆಸ್ರು ಖಂಡಿತಾ ಹಾಕ್ತೀನಿ."

"ಮುಂದಿಂದು ಯಾವಾಗಪಾ?"

ತಲೆ ತಗ್ಗಿಸಿದ. "ಮೊದಲನೇದೇ ಮತ್ತೆ ಬರ್ತಾ ಇಲ್ಲ ಮೌಶಿ. ಅದೇ ಯಂತ್ರ, ಅದೇ ಸಿಲಿಕಾನು. ಪಿಂಗಾಣಿ ಚಿಮಟದಲ್ಲಿ ಹಿಡಿದ್ರೆ ಜಾರಿ ಬೀಳತ್ತೆ, ತುದಿ ಮುರಿಯತ್ತೆ. ಡಿಸೆಂಬರ್‌ನಲ್ಲಿ ಹೊರಗಿನಿಂದ ಇಬ್ರು ವಿಜ್ಞಾನಿಗಳು, ಚಿತ್ರ ನಿಜಾನಾ ಅಂತ ನೋಡೋಕೆ ಬರ್ತಿದಾರೆ. ಸುಚೇತಾಗೆ ಮಾಡ್ಕೊಟ್ರಲ್ಲ, ಅಂಥದ್ದು ಒಂದು ನಂಗೂ ಕೊಡ್ತೀರಾ?"

ಅದಕ್ಕೆ ಬಂದವನು. ಬನ್ನಿಗಲ್ಲ.

ಊಟಕ್ಕೆ ಹಾಕಿದೆ. ಎರಡು ಸಲ ತುಪ್ಪ ಬಡಿಸಿದೆ. ಕೇಳಿದ್ದನ್ನು ಅರಿವೆಯಲ್ಲಿ ಸುತ್ತಿ, ಕುಂಕುಮ ಹಚ್ಚಿ, ಕೈಗಿಟ್ಟು ಕಳಿಸಿದೆ. ನೀನು ಸಿಟ್ಟಾಗುತ್ತೀ. ಆಗು. ಇದಕ್ಕಿಂತ ಹೆಚ್ಚಿಗೆ ಈಗ ಬರೆಯಲಾರೆ.

ಮೌಶಿ


ಫ್ಲೂಗರ್‌ವಿಲ್
19 ಅಕ್ಟೋಬರ್ 2014

ಕೊಟ್ಟೆಯಾ ಮೌಶಿ?

ಅವನಿಗೆ ತುಪ್ಪ ಬಡಿಸಿದ್ದಕ್ಕೆ ನನಗೆ ಬೇಜಾರಿಲ್ಲ. ನಿನ್ನ ಕೈ ಹಾಗೇ ಇರುವುದು. ಆದರೆ ಅವನ ಹತ್ತಿರ ಇಲ್ಲದೆ ನನ್ನ ಹತ್ತಿರ ಉಳಿದದ್ದು ಅದೊಂದೇ ಆಗಿತ್ತು. ಒಂದು ಎಲೆ ಹಿಡಿದು ಬಂದ, ನೀನು ಕೊಟ್ಟುಬಿಟ್ಟೆ.

ಬರೆಯುವ ಕೆಲಸ ಬಹಳ ಇದೆ. ಸ್ವಲ್ಪ ದಿನ ಪತ್ರ ಬರೆಯುವುದಿಲ್ಲ.

ಸುಚೇತಾ


ಹ್ಯೂಸ್ಟನ್
18 ಜನವರಿ 2015

ಸುಚೇತಾ,

ಮೂರು ತಿಂಗಳು ನೀನು ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಮೌಶಿ ದ್ರೋಹ ಮಾಡಿದಳೆಂದು ನೀನು ತಿಳಿದರೂ ತಿಳಿಯಲಿ, ಕೆಲಸವಾಗುವ ತನಕ ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ನಿನ್ನೆ ಆಯಿತೆಂಬ ಸುದ್ದಿ ಬಂತು.

ಸಂಕ್ರಾಂತಿಯ ಎಳ್ಳು ಹಂಚಲು ಕನ್ನಡದವರೆಲ್ಲ ಸೇರಿದ್ದೆವು. ಬದರಿನಾಥನೂ ಹೆಂಡತಿಯ ತವರಿಗೆಂದು ಡಾಲಸ್‌ನಿಂದ ಬಂದಿದ್ದ. ಉಡುಪಿಯವನು, ರಘುವಿನ ಕಂಪನಿಯಲ್ಲೇ ಪಂಪುಗಳನ್ನು ನೋಡಿಕೊಳ್ಳುತ್ತಾನೆ. "ಆಂಟಿ, ನಿಮ್ಮ ರಘುವಿನ ಕಥೆ ಕೇಳಿದ್ರಾ? ನೋಡ್ಲಿಕ್ಕೆ ಇಬ್ರು ಬಂದು ಮೂರು ದಿನ ಇದ್ರು. ಮೂರು ಚೂರು ಕಾಯಿಸಿದ. ಒಂದ್ರಲ್ಲೂ ಒಂದು ತ್ರಿಕೋನ ನೆಟ್ಟಗಿಲ್ಲ ಮಾರಾಯ್ರೆ! ಕಡೆಗೆ ಬಂದವ್ರು ಕೇಳಿದ್ರು, ಆ ಚಿತ್ರ ಕಂಪ್ಯೂಟರ್‌ನಲ್ಲಿ ಬಿಡಿಸಿದ್ದಾ ಅಂತ. ರಘು ಬೆವತು ಹೋದ."

"ಅಯ್ಯ, ಪಾಪ" ಎಂದೆ. ಅವನ ಕೈಗೆ ಇನ್ನೊಂದು ಹಿಡಿ ಎಳ್ಳು ಹಾಕಿದೆ.

ಈಗ ಕೇಳು. ನಾನು ರಘುವಿಗೆ ಕೊಟ್ಟದ್ದು ಉಕ್ಕು. ನಿನ್ನದನ್ನು ಮಾಡುವ ಮುಂಚೆ ಅಳತೆಗೆಂದು ಉಕ್ಕಿನಲ್ಲಿ ಒಂದು ಚಿಮಟ ಮಾಡಿ ನೋಡಿದ್ದೆ, ಗ್ಯಾರೇಜಿನ ಡಬ್ಬಿಯಲ್ಲಿ ಬಿದ್ದಿತ್ತು. ಅದೇ ಉದ್ದ, ಅದೇ ಬಾಗು. ಅವನು ಪಾಯಸ ಉಣ್ಣುತ್ತಿದ್ದಾಗ ನಾನು ಗ್ಯಾರೇಜಿನಲ್ಲಿ ನಿಂತು ಪಾಲಿಶ್ ಕಾಗದದಿಂದ ಅದರ ಹೊಳಪು ತೆಗೆಯುತ್ತಿದ್ದೆ, ಮೊಲಿಬ್ಡಿನಮ್ಮಿನ ಬೂದು ಬಣ್ಣ ಬರಲೆಂದು. "ತಗೋಪಾ, ಮೊಲಿಬ್ಡಿನಮ್" ಎಂದೆ. ಕಣ್ಣಿಗೆ ಒತ್ತಿಕೊಂಡ. ಆ ಉಕ್ಕು ಅಯಸ್ಕಾಂತಕ್ಕೆ ಅಂಟುವ ಜಾತಿಯದಲ್ಲ, ಆದರೆ ಅಂಗೈಯಲ್ಲಿ ಒಮ್ಮೆ ತೂಗಿದ್ದರೂ ಸಾಕಿತ್ತು, ಹಗುರ ಎಂದು ತಿಳಿಯುತ್ತಿತ್ತು. ಬೇರೆ ಯಾರೇ ಆಗಿದ್ದರೂ ಮೊದಲು ಪರೀಕ್ಷೆಗೆ ಕಳಿಸುತ್ತಿದ್ದರು. ನಮ್ಮವನಲ್ಲವೇ? ಹಿರಿಯರು ಕುಂಕುಮ ಹಚ್ಚಿ ಕೊಟ್ಟದ್ದನ್ನು ತೂಗಿ ನೋಡುವುದು ಹೇಗೆ? ಕಾಲಿಗೆ ಬಿದ್ದು ಹೋದ.

ನಮ್ಮವ್ವ ಸುಮಿತ್ರವ್ವ ಮಡಿಯಲ್ಲಿದ್ದಾಗ ಯಾರ ಸೆರಗು ತಾಗಿದರೂ ಅಡಿಗೆಯನ್ನೆಲ್ಲ ಚೆಲ್ಲಿಸುತ್ತಿದ್ದಳೆಂದು ನಿನಗೆ ಹೇಳಿದ್ದೇನೆ. ಸಿಲಿಕಾನಿನ ಮಡಿ ಅವಳಿಗಿಂತ ಬಿಗಿ. ಕೆಡುವುದು ಆ ಚೂರೊಂದೇ ಅಲ್ಲ. ಅದನ್ನು ಹಿಡಿದ ಹಿಡಿಕೆ, ಹಿಡಿಕೆ ಕೂತ ಪೀಠ, ಎಲ್ಲವೂ ಮೈಲಿಗೆ. ಇನ್ನು ಅವನು ಎಂಥ ಚಿಮಟ ತಂದರೂ ಆ ಯಂತ್ರದಲ್ಲಿ ಪಂಕ್ತಿ ಏಳುವುದಿಲ್ಲ.

ನನಗೆ ಪಾಪ ತಟ್ಟುತ್ತದೆಂದು ಕಾಕಾ ನಿನ್ನೆಯಿಂದ ನನ್ನ ಜೊತೆ ಮಾತಾಡುತ್ತಿಲ್ಲ. ತಟ್ಟಲಿ. ಒಂದೇ ಒಂದು ಸಾಲು ಬರೆ ಮಗಳೇ. ಖುಷಿಯಾಯಿತೆಂದು ಬರೆ.

ಮೌಶಿ


ಹ್ಯೂಸ್ಟನ್
22 ಮಾರ್ಚ್ 2015

ಸುಚೇತಾ,

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ಬದರಿನಾಥ ಫೋನ್ ಮಾಡಿದ್ದ. ಚಿತ್ರದ ಮೂಲ ಫೈಲುಗಳನ್ನು ತೋರಿಸೆಂದು ಲೇಖನ ಅಚ್ಚು ಮಾಡಿದ ಪತ್ರಿಕೆಯವರು ಕೇಳಿದರಂತೆ. ತೋರಿಸಿದರೆ ಅವುಗಳ ಮೇಲೆ ನಿನ್ನ ಲಾಗಿನ್ ಹೆಸರು. ತೋರಿಸದಿದ್ದರೆ ಸುಳ್ಳುಗಾರ. ರಘು ತಾನೇ ಲೇಖನವನ್ನು ಹಿಂದಕ್ಕೆ ತೆಗೆದುಕೊಂಡ. ಕಂಪನಿಯಲ್ಲಿ ಅವನ ಕೋಣೆ ಹೋಯಿತು, ಕೈಕೆಳಗಿನವರು ಹೋದರು.

ನಿನ್ನೆ ಯುಗಾದಿಗೆ ಹೋಳಿಗೆ ಮಾಡಿದೆ. ಈ ವರ್ಷ ಬೇವೆಲ್ಲ ಅವನಿಗೆ, ಬೆಲ್ಲವೆಲ್ಲ ನಮಗೆ. ಹನ್ನೆರಡು ಹೋಳಿಗೆ ಪಾರ್ಸೆಲ್ ಮಾಡಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು.

ಗೆದ್ದ
ಮೌಶಿ


ಫ್ಲೂಗರ್‌ವಿಲ್
3 ಮೇ 2015

ಮೌಶಿ,

ಜನವರಿಯ ನಿನ್ನ ಪತ್ರ ಓದಿ ನಾನು ನಕ್ಕೆ. ಒಬ್ಬಳೇ, ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆಮೇಲೆ ಹೆದರಿಕೆಯಾಯಿತು, ಅದಕ್ಕೇ ಬರೆಯಲಿಲ್ಲ. ಈಗ ಆ ಹೆದರಿಕೆ ನಿಜವಾಗಿದೆ.

ಫೆಬ್ರವರಿಯಲ್ಲಿ ನನ್ನ ಲೇಖನ ಕಳಿಸಿದ್ದೆ. ಏಪ್ರಿಲ್ ಕೊನೆಗೆ ಉತ್ತರ ಬಂತು. "ಈ ಚಿತ್ರಗಳು ಹಿಂಪಡೆದ ಲೇಖನದ ಚಿತ್ರಗಳಂತೆಯೇ ಇವೆ. ಆ ಪ್ರಯೋಗವನ್ನು ಅದೇ ಯಂತ್ರದಲ್ಲಿ, ಅದೇ ವಿಧಾನದಲ್ಲಿ, ಸಾಕ್ಷಿಗಳ ಎದುರಿಗೆ ಮೂರು ಸಲ ಮಾಡಿದರೂ ಬಂದಿಲ್ಲ." ಅಷ್ಟೇ. ನನ್ನನ್ನು ಸುಳ್ಳುಗಾತಿ ಎಂದು ಯಾರೂ ಅನ್ನಲಿಲ್ಲ. ಥೀಸಿಸ್ ಕಮಿಟಿಯವರು ಕೂಡಿಸಿ ಕಾಫಿ ಕೊಟ್ಟು ಮೆಲ್ಲಗೆ ಕೇಳಿದರು, "ಇನ್ನೊಮ್ಮೆ ಮಾಡಿ ತೋರಿಸುತ್ತೀಯಾ?" ಎಲ್ಲಿ ಮಾಡಲಿ? ನನ್ನ ಕೈಗೆ ಎಟಕುವುದು ಅದೊಂದೇ ಯಂತ್ರ. ಅದರ ತುಂಬ ನೀನು ಕಳಿಸಿದ ನಿಕಲ್.

ನೀನು ಸುಳ್ಳು ಮಾಡಿದ್ದು ರಘುವನ್ನಲ್ಲ ಮೌಶಿ. ನನ್ನ ಪಂಕ್ತಿಯನ್ನು. ಅವನು ಕದ್ದಾಗ ಅದು ಕದ್ದ ಮಾಲಾಗಿತ್ತು, ಆದರೆ ನಿಜವಾಗಿತ್ತು. ಈಗ ಅದು ಯಾರದೂ ಅಲ್ಲ, ಏಕೆಂದರೆ ಅದು ಇಲ್ಲವೇ ಇಲ್ಲ.

ಡಿಸೆಂಬರ್ ನನ್ನ ಕೊನೆಯ ಗಡುವು. ಅಷ್ಟರಲ್ಲಿ ಆಗದಿದ್ದರೆ ಆರು ವರ್ಷದ ಕೆಲಸ ಬಿಟ್ಟು ಊರಿಗೆ ವಾಪಸು ಹೋಗುತ್ತೇನೆ. ಇರುವುದು ಒಂದೇ ದಾರಿ. ಆ ಹಿಡಿಕೆ, ಪೀಠ ಎಲ್ಲ ತೆಗೆದುಹಾಕಿ ಹೊಸದು ಮಾಡಿಸಿ, ಡಾಲಸ್‌ನಲ್ಲೇ, ಅದೇ ಇಬ್ಬರ ಎದುರಿಗೆ ನಾನು ಮಾಡಿ ತೋರಿಸಬೇಕು. ಕಾರಣ ತಿಳಿಯದೆ ಕಂಪನಿ ಯಂತ್ರ ಬಿಚ್ಚಲು ಬಿಡುವುದಿಲ್ಲ. ಕಾರಣವನ್ನು ನೀನು ಬರೆಯಬೇಕು. ರಘುವಿಗೆ, ನಿನ್ನ ಕೈಯಿಂದ, ಸಹಿ ಹಾಕಿ. ಷರತ್ತು ಹಾಕಬಾರದು.

ನಾನು ಹೇಳಬಹುದಿತ್ತು. ಹೇಳುವುದಿಲ್ಲ. ಮಾಡಿದವಳು ನೀನು.

ಸುಚೇತಾ


ಹ್ಯೂಸ್ಟನ್
17 ಮೇ 2015

ಸುಚೇತಾ,

ಆಗುವುದಿಲ್ಲ.

ಅವನಿಗೆ ನಾನು ಬರೆಯಬೇಕೇ? ಕದ್ದವನಿಗೆ ಕಳಕೊಂಡವರು ತಪ್ಪೊಪ್ಪಿಗೆ ಬರೆಯುವ ಪದ್ಧತಿ ಯಾವ ಊರಿನದು? ಅವನ ಲೇಖನ ಮತ್ತೆ ನಿಜವಾಗುತ್ತದೆ, ಅವನು ಮತ್ತೆ ಎದೆಯುಬ್ಬಿಸಿ ನಡೆಯುತ್ತಾನೆ, ಮೋಸಗಾತಿ ಎಂಬ ಹೆಸರು ನನಗೆ. ಹೆಸರು ಹೋಗಲಿ, ನನಗೆ ಅದರ ಚಿಂತೆಯಿಲ್ಲ. ಅವನು ಎದ್ದು ನಿಲ್ಲುವುದನ್ನು ಹೇಗೆ ನೋಡಲಿ?

ಬೇರೆ ಯಂತ್ರ ಹುಡುಕು. ಹ್ಯೂಸ್ಟನ್‌ನಲ್ಲಿ ಎಷ್ಟು ಲ್ಯಾಬ್‌ಗಳಿವೆ, ನಾನು ಒಂದೊಂದರ ಬಾಗಿಲು ತಟ್ಟುತ್ತೇನೆ. ಇಲ್ಲಿಯ ಬಸ್ಸುಗಳೆಲ್ಲ ನನಗೆ ಗೊತ್ತು.

ಮೌಶಿ

ಇದನ್ನು ಬರೆದಿಟ್ಟು ಹತ್ತು ದಿನವಾಯಿತು, ಕಳಿಸಿರಲಿಲ್ಲ. ಏಳು ಕಡೆ ಹೋಗಿಬಂದೆ. ಎರಡು ಕಡೆ ಒಳಗೆ ಬಿಟ್ಟರು. ಒಬ್ಬ ಒಳ್ಳೆಯವನು ನಿನ್ನ ಚಿತ್ರ ನೋಡಿ, "ಅಮ್ಮಾ, ಇದು ಹಿಂದಕ್ಕೆ ತೆಗೆದುಕೊಂಡದ್ದಲ್ಲವೇ?" ಎಂದ. ನಿಜವೆಂದು ಹೇಳಿದೆ. ನಕ್ಕ. ಕೆಟ್ಟ ನಗುವಲ್ಲ, ಮುದುಕಿಯರನ್ನು ನೋಡಿ ನಗುವ ನಗು.


ಹ್ಯೂಸ್ಟನ್
28 ಜೂನ್ 2015

ರಘುನಂದನ,

ಇದರ ಜೊತೆ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದ ಹಾಳೆ ಇದೆ. ಅದನ್ನು ನಿನ್ನ ಕಂಪನಿಯವರಿಗೂ ಆ ಇಬ್ಬರಿಗೂ ತೋರಿಸು. ಇದು ನಿನಗೆ ಮಾತ್ರ.

ದಸರೆಗೆ ನಾನು ಕೊಟ್ಟ ಚಿಮಟ ಉಕ್ಕಿನದು. ಗೊತ್ತಿದ್ದೇ ಕೊಟ್ಟೆ. ನೀನು ಬನ್ನಿ ಕೊಟ್ಟು ಕಾಲಿಗೆರಗಿದಾಗ ನಿನ್ನ ತಲೆಯ ಮೇಲೆ ಕೈಯಿಟ್ಟು, ನಿನ್ನ ಕೆಲಸ ಹಾಳಾಗಲೆಂದು ಮನಸ್ಸಿನಲ್ಲಿ ಅಂದುಕೊಂಡೆ. ಹಾಗೇ ಆಯಿತು.

ಆ ಚೂರುಗಳನ್ನು ಹಿಡಿದ ಹಿಡಿಕೆಗಳನ್ನೆಲ್ಲ ಎಸೆ. ತೊಳೆದರೆ ಹೋಗುವುದಿಲ್ಲ, ಕಾಯಿಸಿದರೆ ಇನ್ನೂ ಒಳಗಿಳಿಯುತ್ತದೆ. ಪೀಠದ ಮೇಲಿನ ಪಟ್ಟಿಗಳನ್ನೂ ತೆಗೆ. ಹೊಸವನ್ನು ಮೊಲಿಬ್ಡಿನಮ್‌ನಲ್ಲಿ ನಾನೇ ಮಾಡಿ ಈ ಡಬ್ಬಿಯಲ್ಲಿಟ್ಟಿದ್ದೇನೆ, ಆರು ಇವೆ. ಒಂದೊಂದನ್ನೂ ಪರೀಕ್ಷೆಗೆ ಕಳಿಸು. ನನ್ನನ್ನು ನಂಬಬೇಡ.

ಷರತ್ತು ಹಾಕಬಾರದೆಂದು ಸುಚೇತಾ ಹೇಳಿದ್ದಾಳೆ, ಹಾಕುವುದಿಲ್ಲ. ಆದರೆ ಕೇಳಿಸಿಕೋ. ನಿನ್ನನ್ನು ಮೇಲೆತ್ತಲು ನಾನು ಇದನ್ನು ಬರೆಯುತ್ತಿಲ್ಲ. ಅವಳು ಬಿದ್ದ ಹಳ್ಳದಲ್ಲಿ ನೀನೂ ಇದ್ದೀ, ಅವಳಿಗೆ ಹಗ್ಗ ಬಿಟ್ಟರೆ ನೀನೂ ಹಿಡಿಯುತ್ತೀ, ಬೇರೆ ಉಪಾಯವಿಲ್ಲ. ಮೂರು ವರ್ಷ ನನ್ನ ಕೈಯಡಿಗೆ ಉಂಡು, ನನ್ನ ಮಗಳಂಥವಳ ಕೆಲಸಕ್ಕೆ ನಿನ್ನ ಹೆಸರು ಬರೆದೆ. ನಾನು ನಿನಗೆ ಮಾಡಿದ್ದು ಕೆಟ್ಟದ್ದು. ಅದಕ್ಕೆ ನಾನು ಕ್ಷಮೆ ಕೇಳುತ್ತಿಲ್ಲ. ಮಾಡಿದೆನೆಂದು ಹೇಳುತ್ತಿದ್ದೇನೆ, ಅಷ್ಟೇ.

ನಮ್ಮ ಮನೆಗೆ ಬರಬೇಡ.

ಕೃಷ್ಣವೇಣಿ


ಡಾಲಸ್
22 ನವೆಂಬರ್ 2015

ಮೌಶಿ,

ಶುಕ್ರವಾರ ಆಯಿತು.

ಯಂತ್ರ ಬಿಚ್ಚಿ ಜೋಡಿಸಲು ಎರಡು ತಿಂಗಳು ಹಿಡಿಯಿತು. ರಘು ನಿನ್ನ ಹಿಡಿಕೆಗಳನ್ನು ಪರೀಕ್ಷೆಗೆ ಕಳಿಸಿದ. ಆರಕ್ಕೆ ಆರೂ ಶುದ್ಧ. ಆ ಇಬ್ಬರು ಬಂದು ಕೂತರು. ಚೂರನ್ನು ನಾನೇ ಹಿಡಿದೆ, ನಾನೇ ಕಾಯಿಸಿದೆ. ಬೆಳಗಿನ ಹತ್ತಕ್ಕೆ ಪರದೆಯ ಮೇಲೆ ಮೊದಲನೆಯ ಸಾಲು ಬಂತು. ಆಮೇಲೆ ಎರಡನೆಯದು. ಪರದೆ ತುಂಬಿದಾಗ ಅವರಲ್ಲಿ ಹಿರಿಯಾಕೆ ಎದ್ದು ಹತ್ತಿರ ಬಂದು, ಬೆರಳಿನಿಂದ ಒಂದೊಂದೇ ಗುಂಪನ್ನು ಎಣಿಸತೊಡಗಿದಳು. ಐವತ್ತರವರೆಗೆ ಎಣಿಸಿ ನಿಲ್ಲಿಸಿ, "ಇದನ್ನು ಮೊದಲು ಕಂಡವರು ಯಾರು?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮುಂಚೆ ರಘು ಹೇಳಿದ. "ಇವಳು. ಎರಡು ವರ್ಷ ಇದನ್ನ ನನ್ನದು ಅಂತ ಹೇಳ್ಕೊಂಡು ಓಡಾಡಿದೀನಿ."

ನನಗೆ ಅವನ ಮುಖ ನೋಡಲು ಆಗಲಿಲ್ಲ.

ಹೊಸ ಲೇಖನದಲ್ಲಿ ನನ್ನ ಹೆಸರು ಮೊದಲು. ಅವನದು ಎರಡನೆಯದು, ನಾನೇ ಹಾಕಿದೆ. ನೀನು ಉರಿಯುತ್ತೀ, ಗೊತ್ತು. ಪರಮಾಣುಗಳ ಮೇಲೆ ಹಾಯ್ದು ಚಿತ್ರ ತೆಗೆಯುವ ಸೂಜಿಯನ್ನು ಮೂರು ವರ್ಷ ಸರಿ ಮಾಡಿದವನು ಅವನು. ಅದು ನಿಜ. ಇನ್ನು ನನಗೆ ನಿಜವಾದದ್ದಷ್ಟೇ ಸಾಕು. ಹೆಸರು ಹಾಕಿದ್ದು ಅಷ್ಟಕ್ಕೇ, ಬೇರೆ ಏನನ್ನೂ ಹುಡುಕಬೇಡ. ಡಿಸೆಂಬರ್ ಹತ್ತಕ್ಕೆ ನನ್ನ ಥೀಸಿಸ್ ಪರೀಕ್ಷೆ.

ನೀನು ಬರೆದ ಹಾಳೆ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಅದನ್ನು ಬರೆಯುವಾಗ ನಿನಗೆ ಏನಾಗಿರಬಹುದೆಂದು ನನಗೆ ಗೊತ್ತಿದೆ. ಆದರೂ ಪರೀಕ್ಷೆಗೆ ನೀನು ಬರಬೇಡ. ನನ್ನ ಸಲುವಾಗಿ ಮಾಡಿದೆ ಎನ್ನುತ್ತೀ, ಆದರೆ ಮೂರು ತಿಂಗಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನನ್ನ ಕೆಲಸವನ್ನು ಅವನು ಒಮ್ಮೆ ತೆಗೆದುಕೊಂಡ, ನೀನು ಒಮ್ಮೆ ತೆಗೆದುಕೊಂಡೆ.

ಇನ್ನೊಮ್ಮೆ ಅಂಥ ಅವಕಾಶ ಬಂದರೆ ಹಾಗೆ ಮಾಡುವುದಿಲ್ಲ ಎಂದು ನಿನಗೆ ಅನ್ನಿಸಿದ ದಿನ ಬರೆ. ಅವತ್ತೇ ಕಾರು ತೆಗೆದುಕೊಂಡು ಬಂದು ನಿನ್ನನ್ನು ಕರೆದೊಯ್ಯುತ್ತೇನೆ. ಅಲ್ಲಿಯತನಕ ಬೇಡ.

ಸುಚೇತಾ


ಹ್ಯೂಸ್ಟನ್
24 ಜುಲೈ 2016

ಸುಚೇತಾ,

ನಿನ್ನ ಲೇಖನ ತರಿಸಿಕೊಂಡೆ. ಮೊದಲನೆಯ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದೆ. ಇನ್ನು ನಿನ್ನನ್ನು ಡಾಕ್ಟರ್ ಎಂದು ಕರೆಯಬೇಕಂತೆ, ಕಾಕಾ ಹೇಳುತ್ತಾರೆ. ಎದುರಿಗೆ ಕೂಡಿಸಿಕೊಂಡು ಒಮ್ಮೆ ಹಾಗೆ ಕರೆಯಬೇಕೆಂದು ಎಷ್ಟು ಆಸೆಯಿದೆ ಎಂದು ಬರೆದರೆ ನೀನು ಕರಗಿಬಿಡುತ್ತೀ. ಅದಕ್ಕೆ ಬರೆಯುವುದಿಲ್ಲ.

ಎಂಟು ತಿಂಗಳಲ್ಲಿ ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. "ಅನಸ್ತದ ಅಂತ ಬರದ್ಬಿಡ, ಹುಡುಗಿ ಬರ್ತಾಳ, ಮುಗೀತಲ್ಲ" ಎಂದು ಕಾಕಾ ದಿನಾ ಅನ್ನುತ್ತಾರೆ. ಅವರಿಗೆ ನಿನ್ನನ್ನು ನೋಡಬೇಕಾಗಿದೆ. ನನಗೂ.

ನಿನ್ನೆ ಲೇಖನ ಓದುತ್ತಾ ಎರಡನೆಯ ಹೆಸರಿಗೆ ಬಂದೆ. ನಿನ್ನನ್ನು ಕೇಳದೆ ಮಾಡಿದ್ದು ತಪ್ಪು. ಅದು ನನಗೆ ಒಳಗಿನಿಂದಲೇ ಗೊತ್ತಾಗಿದೆ, ನೀನು ಹೇಳಬೇಕಾಗಿಲ್ಲ. ನಿನ್ನನ್ನು ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಬಿಡಬೇಕಾಗಿತ್ತು. ಅಷ್ಟೂ ಒಪ್ಪುತ್ತೇನೆ. ಆದರೆ ಆ ಹೆಸರಿನ ಮೇಲೆ ಕಣ್ಣು ಬಿದ್ದೊಡನೆ, ಅವನು ನಾಳೆ ಮತ್ತೆ ಬಾಗಿಲಿಗೆ ಬಂದು ಕೈ ಚಾಚಿದರೆ ಏನು ಮಾಡುವೆ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಉತ್ತರ ಬರಲು ಒಂದು ಗಳಿಗೆಯೂ ಹಿಡಿಯಲಿಲ್ಲ.

ನಿನಗೆ ಸುಳ್ಳು ಬರೆಯಲಾರೆ ಮಗಳೇ. ಇನ್ನೂ ಅನ್ನಿಸಿಲ್ಲ.

ಮೌಶಿ